ದುಭಾಷಿಯನ್ನು ನಂಬುವ ಮುನ್ನ

ಮನುಷ್ಯರು ಬರೆದುಕೊಂಡ ಕರಾರನ್ನು ನಡೆಸಿಕೊಡಲು ಸಾಕ್ಷಿಗಳೂ ನ್ಯಾಯಸ್ಥಾನವೂ ಬೇಕಾಗುತ್ತವೆ. 2015ರಲ್ಲಿ ಕಾರ್ಯಾರಂಭ ಮಾಡಿದ ಇಥೀರಿಯಂ ಎಂಬ ಗಣಕಜಾಲದಲ್ಲಾದರೋ ಕರಾರೇ ಒಂದು ಪ್ರೋಗ್ರಾಂ. ಸಹಿ ಮಾಡಿದ ಆಜ್ಞೆ ಬಂದು, ಷರತ್ತುಗಳು ಸರಿಯಾಗಿದ್ದರೆ, ಅದು ಚಾಚೂ ತಪ್ಪದೆ ನಡೆಯುತ್ತದೆ. ಇದರ ಪ್ರತಿಗಳು ಸಾವಿರಾರು ಗಣಕಗಳಲ್ಲಿರುವುದರಿಂದ ಯಾರೊಬ್ಬರೂ ನಡೆದುದನ್ನು ಅಳಿಸಲಾರರು. ಸ್ಮಾರ್ಟ್ ಕಾಂಟ್ರ್ಯಾಕ್ಟ್ ಎಂದು ಕರೆಯುವುದು ಇದನ್ನೇ.

ಈ ಕರಾರಿಗೆ ನಮ್ಮ ಮಾತು ತಿಳಿಯದು. ಯಾವ ಕಾರ್ಯವನ್ನು ಮಾಡಬೇಕೆಂಬುದನ್ನು ನಾಲ್ಕು ಬೈಟುಗಳ ಗುರುತೊಂದರಿಂದ ಅದಕ್ಕೆ ಸೂಚಿಸಬೇಕು. ಈಥರ್ಸ್‌ನಂತಹ ಜಾವಾಸ್ಕ್ರಿಪ್ಟ್ ಲೈಬ್ರರಿಗಳು ಈ ತೊಡಕನ್ನು ತಾವೇ ವಹಿಸಿಕೊಳ್ಳುತ್ತವೆ. ಕರಾರಿನ ವಿಳಾಸವನ್ನೂ ಅದರ ಕಾರ್ಯಗಳ ಪಟ್ಟಿಯನ್ನೂ ಒದಗಿಸಿದರೆ ಕಾಲೇಜು ವಿದ್ಯಾರ್ಥಿಯೂ ಕೆಲವೇ ಸಾಲುಗಳಲ್ಲಿ ಅದರೊಡನೆ ವ್ಯವಹರಿಸಬಲ್ಲನು. ಕರಾರಿನಲ್ಲಿರುವುದನ್ನು ಓದಿಕೊಳ್ಳಲು ಜಾಲಕ್ಕೆ ಶುಲ್ಕ ತೆರಬೇಕಾಗಿಲ್ಲ. ಬದಲಾವಣೆ ಮಾಡಿಸಬೇಕಾದರೆ ಶುಲ್ಕವನ್ನು ತೆತ್ತು, ರಹಸ್ಯ ಕೀಲಿಯಿಂದ ಸಹಿ ಮಾಡಬೇಕು.

ಹೀಗೆ ಲೈಬ್ರರಿಯು ನಮಗೂ ಕರಾರಿಗೂ ನಡುವಿನ ದುಭಾಷಿ. ದುಭಾಷಿಯ ಭಾಷೆಗೂ ಮಿತಿಯುಂಟು. ಒಂದು ಈಥರ್ ಎಂದರೆ 1ರ ಮುಂದೆ 18 ಸೊನ್ನೆಗಳಿಟ್ಟಷ್ಟು ಚಿಕ್ಕ ಘಟಕಗಳು. ಜಾವಾಸ್ಕ್ರಿಪ್ಟಿನ ಸಾಮಾನ್ಯ ಸಂಖ್ಯೆಯಾದರೋ ಸುಮಾರು 9ರ ಮುಂದೆ 15 ಸೊನ್ನೆಗಳವರೆಗಿನ ಪೂರ್ಣಾಂಕಗಳನ್ನು ಮಾತ್ರ ತಪ್ಪದೆ ಹಿಡಿಯಬಲ್ಲದು. ಅದನ್ನು ಮೀರಿದರೆ ಕೊನೆಯ ಅಂಕಿಗಳು ಸದ್ದಿಲ್ಲದೆ ಕೆಡಬಹುದು. ಆದುದರಿಂದಲೇ ಈಥರ್ಸ್‌ನ ಆರನೆಯ ಆವೃತ್ತಿ ಬಿಗ್‌ಇಂಟ್ ಎಂಬ ಬೇರೊಂದು ಬಗೆಯ ಸಂಖ್ಯೆಯನ್ನು ಬಳಸುತ್ತದೆ.

ಇದಕ್ಕಿಂತಲೂ ದೊಡ್ಡ ಅಪಾಯವೊಂದಿದೆ. 2025ರ ಫೆಬ್ರುವರಿಯಲ್ಲಿ ಬೈಬಿಟ್ ಎಂಬ ವಿನಿಮಯ ಸಂಸ್ಥೆಯಿಂದ ಸುಮಾರು 150 ಕೋಟಿ ಡಾಲರ್ ಬೆಲೆಯ ಈಥರ್ ಕಳವಾಯಿತು. ಜಾಲದ ಗಣಿತ ಸೋತಿರಲಿಲ್ಲ. ಸಹಿದಾರರು ಬಳಸುತ್ತಿದ್ದ ಪುಟದ ಜಾವಾಸ್ಕ್ರಿಪ್ಟನ್ನು ಕಳ್ಳರು ಬದಲಿಸಿದ್ದರು. ತೆರೆಯ ಮೇಲೆ ಕಂಡುದು ಒಂದು, ಸಹಿ ಬಿದ್ದುದು ಮತ್ತೊಂದಕ್ಕೆ.

ಗಡಿಯಾರ ನೋಡುವವನು ಅದರ ಚಕ್ರಗಳನ್ನೆಲ್ಲ ಬಿಚ್ಚಬೇಕೆ ಎಂದು ಕೆಲವರು ಕೇಳಬಹುದು. ಗಡಿಯಾರ ತಪ್ಪಿದರೆ ತಿದ್ದಿಕೊಳ್ಳಬಹುದು. ಇಲ್ಲಿ ಕೈಬಿಟ್ಟ ಹಣವನ್ನು ಮರಳಿ ಕೊಡಿಸುವ ಗುಮಾಸ್ತನಿಲ್ಲ. ಆದ್ದರಿಂದ ಈ ವಿದ್ಯೆಯನ್ನು ಕಲಿಸುವವರು ಕಳುಹಿಸುವುದಕ್ಕಿಂತ ಮೊದಲು ಓದುವುದನ್ನು ಕಲಿಸಬೇಕೆಂಬುದು ನಮ್ಮ ಅಭಿಪ್ರಾಯ. ತರುಣ ವಾಚಕರು ನಾಣ್ಯಕ್ಕೆ ಬೆಲೆಯಿಲ್ಲದ ಪರೀಕ್ಷಾಜಾಲದಲ್ಲಿ ಅಭ್ಯಾಸ ಮಾಡಲಿ. ಆ ನಾಲ್ಕು ಬೈಟುಗಳ ಅರ್ಥವನ್ನು ಒಮ್ಮೆಯಾದರೂ ತಾವೇ ಬಿಡಿಸಿ ನೋಡಲಿ. ಓದದೆ ಸಹಿ ಹಾಕಬಾರದೆಂಬ ಹಿರಿಯರ ಮಾತು ಕಾಗದದ ಕಾಲದೊಡನೆ ಮುಗಿದುಹೋಗಿಲ್ಲ.