ಸ್ಕ್ಯಾನಿಂಗ್‌ಗೆ ಮುನ್ನ ನಾಲ್ಕು ಸಮಾಧಾನದ ಮಾತು ಬೇಕು



ಎಂಆರ್‌ಐ ಮಾಡಿಸಲು ಬರುವ ಎಷ್ಟೋ ವಯಸ್ಸಾದವರಿಗೆ ಕಾಯಿಲೆಗಿಂತ ಆ ಯಂತ್ರದ ಭಯವೇ ಹೆಚ್ಚು. ನಮ್ಮ ತಾಯಿಗೆ ಬೆನ್ನುಮೂಳೆಯ ಸ್ಕ್ಯಾನ್ ಬರೆದುಕೊಟ್ಟಾಗ ಇದನ್ನು ಕಣ್ಣಾರೆ ಕಂಡೆ. ‘ಮೈಮೇಲೆ ಲೋಹ ಇರಬಾರದು, ತಾಳಿ ತೆಗೀರಿ’ ಎಂದಷ್ಟೇ ಹೇಳಿ ಸಿಬ್ಬಂದಿ ಒಳಗೆ ಹೋದರು. ಅಮ್ಮನ ಕೈ ನಡುಗತೊಡಗಿತು. ಅಲ್ಲಿದ್ದ ಹಿರಿಯ ನರ್ಸ್ ಒಬ್ಬರು, ‘ಅರಿಶಿನ ಕೊಂಬಿನ ದಾರ ಕಟ್ಟಿಕೊಳ್ಳಿ ಅಮ್ಮಾ, ಅದಕ್ಕೇನೂ ತೊಂದರೆಯಿಲ್ಲ’ ಎಂದಾಗಲೇ ಅಮ್ಮ ಒಪ್ಪಿದ್ದು.

ಎಂಆರ್‌ಐಯಲ್ಲಿ ಎಕ್ಸ್‌ರೇ ಕಿರಣಗಳಿಲ್ಲ, ಇರುವುದು ಅಯಸ್ಕಾಂತ ಶಕ್ತಿ. ಸ್ಕ್ಯಾನ್ ವೇಳೆ ಕೇಳುವ ಟಕಟಕ ಸದ್ದು ಯಂತ್ರ ಕೆಟ್ಟು ಬರುವುದಲ್ಲ. ಸುಮಾರು ಅರ್ಧ ಗಂಟೆ ಅಲುಗಾಡದೆ ಮಲಗಬೇಕು; ತೀರಾ ಗಾಬರಿಯಾದರೆ ಕೈಗೆ ಕೊಟ್ಟಿರುವ ರಬ್ಬರ್ ಚೆಂಡು ಒತ್ತಿದರೆ ಸಾಕು, ಸಿಬ್ಬಂದಿ ಗಮನಿಸುತ್ತಾರೆ. ಇಷ್ಟನ್ನು ಕನ್ನಡದಲ್ಲಿ ನಿಧಾನವಾಗಿ ಹೇಳಲು ಎರಡು ನಿಮಿಷ ಸಾಲದೇ? ಪೇಸ್‌ಮೇಕರ್ ಇದೆಯೇ ಎಂಬಂಥ ಮುಖ್ಯ ಪ್ರಶ್ನೆಯೂ ಇಂಗ್ಲಿಷ್ ಫಾರಂನಲ್ಲೇ ಉಳಿದುಬಿಡುತ್ತದೆ.

ಲೋಹದ ವಸ್ತುಗಳನ್ನು ತೆಗೆಸಿ, ತಪಾಸಣೆ ಮಾಡಿ, ಮನೆಯವರೊಬ್ಬರನ್ನು ಒಳಗೆ ಬಿಡುವ ರೂಢಿ ಕೆಲವು ಕಡೆ ಇದೆ. ಅಂಥ ಅವಕಾಶವನ್ನು ವೃದ್ಧರಿಗೆ ಎಲ್ಲ ಆಸ್ಪತ್ರೆಗಳೂ ಕೊಡಲಿ, ಕನ್ನಡದ ಸೂಚನಾ ಫಲಕವನ್ನು ಕಾಯುವ ಜಾಗದಲ್ಲೇ ಹಾಕಲಿ.

– ಓರ್ವ ಓದುಗ, ತುಮಕೂರು