ಹೀಗೊಂದು ಮಾತು: ಹಳ್ಳಕ್ಕೆ ರೀಟೇಕ್ ಇಲ್ಲ!

ಸಿನಿಮಾದಲ್ಲಿ ಕಾಡುದಾರಿಯಲ್ಲಿ ಕಾರು ಕೆಟ್ಟರೆ ಏನಾಗುತ್ತದೆ? ಮಳೆ ಬರುತ್ತದೆ, ನಾಯಕಿ ನೆನೆಯುತ್ತಾಳೆ, ಹಾಡು ಶುರುವಾಗುತ್ತದೆ. ಮೂಡಲಗಿ ಕಡೆಯ ಎರೆಹೊಲದ ಹಾದಿಯಲ್ಲಿ ಕೆಟ್ಟರೆ? ಹಾಡು ಬರುವುದಿಲ್ಲ ಸ್ವಾಮೀ, ಅಳು ಬರುತ್ತದೆ!

1978ರ ಮಾತು. ಗೋಕಾಕದಲ್ಲಿ ‘ಸನಾದಿ ಅಪ್ಪಣ್ಣ’. ಮೂರನೆಯ ಸಲ ನೋಡುವ ಹುಚ್ಚು ನನಗೂ ನನ್ನ ಗೆಳೆಯನಿಗೂ. ಮೂಡಲಗಿ ಬಿಟ್ಟಾಗಲೇ ಕತ್ತಲು. “ಡಾಂಬರು ರಸ್ತೆ ಸುತ್ತು, ಹೊಲದ ಹಾದಿ ಹಿಡಿಯೋಣ” ಎಂದ ಗೆಳೆಯ. ಮನೆಯಲ್ಲಿ ಹೇಳಲಿಲ್ಲ, ಒಂದು ತಂಬಿಗೆ ನೀರೂ ಇಟ್ಟುಕೊಳ್ಳಲಿಲ್ಲ. ಒಂದು ಹಳ್ಳ ಅಡ್ಡ ಬಂತು. ಪಾದ ಮುಳುಗುವಷ್ಟೇ ನೀರು. ದಡದಲ್ಲಿದ್ದ ಮುದುಕ ಕೈ ಅಡ್ಡ ಹಿಡಿದ.

“ನಿಲ್ಲಸೋ ತಮ್ಮಾ, ಹಳ್ಳ ಬರತೈತಿ.”

“ಎಲ್ಲೈತಿ ಮಳಿ ಯಜ್ಜಾ? ಚಿಕ್ಕಿ ಕಾಣಾಕತ್ತಾವ!”

“ಇಲ್ಲಿ ಚಿಕ್ಕಿ, ಮ್ಯಾಲ ಮಿಂಚು. ನೀರಿನ ಬಣ್ಣ ನೋಡು.”

ನೋಡಿದೆ. ನೀರು ಕೆಂಪಾಗುತ್ತಿತ್ತು, ಕಸಕಡ್ಡಿ ತೇಲುತ್ತಿತ್ತು. ಗೆಳೆಯ ಗೇರು ಹಾಕಿಯೇಬಿಟ್ಟಿದ್ದ. ನಾನು ಕೀಲಿ ಕಿತ್ತುಕೊಂಡೆ. ಮುದುಕ ಬೀಡಿ ಸೇದಿ ಮುಗಿಸುವುದರೊಳಗೆ ಭೋರೆಂಬ ಸದ್ದು... ಜಾಲಿಮರವನ್ನೇ ಹೊತ್ತು ತಂದಿತು ಹಳ್ಳ! ಗೆಳೆಯ ಆ ರಾತ್ರಿ ಮಾತೇ ಆಡಲಿಲ್ಲ.

ಮಳೆ ಆ ದಡಕ್ಕೂ ಬಂತು. ಬೆಳಿಗ್ಗೆ ಎರೆಮಣ್ಣಿನಲ್ಲಿ ಹೂತ ಕಾರನ್ನು ಮುದುಕನ ಎತ್ತುಗಳೇ ಎಳೆದವು.

ಈ ಸೀಮೆಯ ಗುಣವೇ ಹಾಗೆ. ಸಹ್ಯಾದ್ರಿಯಲ್ಲಿ ಸುರಿದ ಮಳೆಗೆ ಬಿಸಿಲಲ್ಲಿ ನಿಂತ ಗೋಕಾಕದಲ್ಲಿ ಘಟಪ್ರಭೆ ಉಕ್ಕುತ್ತಾಳೆ. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯ 51 ಟಿ.ಎಂ.ಸಿ. ಹಿಡಿಯುತ್ತದೆ, ಅದು ತುಂಬಿ ಬಾಗಿಲು ತೆರೆದರೆ ಕೆಳಗಿನವರು ಎಚ್ಚರ! 2019ರ ಆಗಸ್ಟಿನಲ್ಲಿ ಗೋಕಾಕದ ಲೋಳಸೂರ ಸೇತುವೆಯೇ ಮುಳುಗಿತ್ತು. ಒಂದಡಿ ಹರಿಯುವ ನೀರು ಸಣ್ಣ ಕಾರನ್ನು ತೇಲಿಸಬಲ್ಲದು, ಎರಡಡಿ ನೀರು ದೊಡ್ಡ ಗಾಡಿಯನ್ನೂ ಒಯ್ಯಬಲ್ಲದು. “ಮುಂದಿನವ ದಾಟಿದ” ಎನ್ನುವುದು ಲೆಕ್ಕವಲ್ಲ.

ಎರೆಮಣ್ಣಿನದು ಇನ್ನೊಂದು ಆಟ. ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರುಕು. ಮಳೆ ಬಿದ್ದರೆ ಉಬ್ಬಿ ಅಂಟಾಗಿ ಗಾಲಿಗೆ ಮೆತ್ತುತ್ತದೆ. ಹೂತ ಗಾಲಿಯನ್ನು ಗರಗರ ತಿರುಗಿಸಿದಷ್ಟೂ ಇನ್ನೂ ಕೆಳಗೆ! ನಿಲ್ಲಿಸಿ, ಮಣ್ಣು ಕೆದರಿ, ಗಾಲಿಯ ಕೆಳಗೆ ಕಲ್ಲು, ಕಬ್ಬಿನ ರವದಿ ಹಾಕಿ, ನಿಧಾನ ಎಳೆಯಿರಿ. ಕಾಲುವೆ ದಂಡೆಯ ಹಾದಿಯನ್ನಂತೂ ರಾತ್ರಿ ಹಿಡಿಯಲೇಬೇಡಿ. ಕಬ್ಬಿನ ಹಂಗಾಮಿನಲ್ಲಿ ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಕತ್ತಲಲ್ಲಿ ಗೋಡೆಯಂತೆ ನಿಂತಿರುತ್ತದೆ, ವೇಗ ಇಳಿಸಿ.

ಬೇಸಿಗೆಯಲ್ಲಿ ತಲೆಗೆ ನಾಲ್ಕು ಲೀಟರಾದರೂ ನೀರು ಇರಲಿ. ಯಾವ ಹಾದಿ, ಎಷ್ಟು ಹೊತ್ತಿಗೆ ಎಂದು ಮನೆಯಲ್ಲಿ ಒಬ್ಬರಿಗೆ ಹೇಳಿ ಹೊರಡಿ. ಗಾಡಿ ಕೆಟ್ಟರೆ ಕತ್ತಲಲ್ಲಿ ದೀಪ ಕಂಡ ಕಡೆ ನಡೆಯಬೇಡಿ. ಹುಡುಕುವವರಿಗೆ ಮನುಷ್ಯನಿಗಿಂತ ಗಾಡಿ ಬೇಗ ಕಾಣುತ್ತದೆ. ಆದರೆ ಹಳ್ಳದ ಪಾತ್ರದಲ್ಲಿ ನಿಂತಿದ್ದರೆ ಗಾಡಿ ಬಿಟ್ಟು ಎತ್ತರಕ್ಕೆ ಏರಿ. ಈಗ ಮೊಬೈಲಿದೆ, 112 ಒತ್ತಬಹುದು. ಸಿಗ್ನಲ್ ಸಿಗಬೇಕಲ್ಲ!

ಇನ್ನು ನಮ್ಮ ಮುದುಕ. ದುಡ್ಡು ಕೊಡಹೋದರೆ ಮುಟ್ಟಲಿಲ್ಲ. “ಯಾವ ಸಿನೇಮಾಕ್ಕ ಹೊಂಟಿದ್ರಿ?” ಎಂದ. ಹೇಳಿದೆವು. ಮುಖ ಅರಳಿತು.

“ಅದು ನಮ್ಮ ಪುರಾಣಿಕ ಮಾಸ್ತರ ಬರದ ಕತಿ. ಗೋಕಾಕದಾಗ ಸಾಲಿ ಕಲಿಸ್ಯಾರ ಅವ್ರು. ನೋಡ್ರಿ... ಆದ್ರ ಡಾಂಬರ ಹಾದಿ ಹಿಡಿದು ಹೋಗ್ರಿ.”

ನೋಡಿದೆವು. ಡಾಂಬರ ಹಾದಿ ಹಿಡಿದೇ ಹೋದೆವು.