ಕಾರಿನ ಕೆಳಗೆ ಯಾರು ಮಲಗಬೇಕು?

ಬೀರೂರಿನ ಒಂದು ಮದುವೆ ಊಟದಲ್ಲಿ ನನ್ನ ಪಕ್ಕದ ಎಲೆಗೆ ಕೂತಿದ್ದ ಹುಡುಗ ತನ್ನ ಸೋದರಮಾವನಿಗೆ ಬುದ್ಧಿ ಹೇಳುತ್ತಿದ್ದ. “ಮಾವ, ಶಾಕಬ್ಸರ್ ಬದಲಾಯಿಸೋಕೆಲ್ಲ ಯಾಕೆ ಗ್ಯಾರೇಜಿಗೆ ಹೋಗ್ತೀರಿ? ಪಾರ್ಟು ಆನ್‌ಲೈನಲ್ಲಿ ಕಮ್ಮಿಗೆ ಸಿಗುತ್ತೆ. ಯೂಟ್ಯೂಬ್ ನೋಡ್ಕೊಂಡು ಭಾನುವಾರ ಮಧ್ಯಾಹ್ನದೊಳಗೆ ಮುಗಿಸ್ಬಹುದು. ಈಗಿನ ಕಾಲದಲ್ಲಿ ಗ್ಯಾರೇಜಿಗೆ ಹೋಗೋದು ದುಡ್ಡು ಜಾಸ್ತಿ ಇರೋರು ಮಾತ್ರ.” ಮಾವ ತಲೆಯಾಡಿಸಿದರು. ಅವರು ತರೀಕೆರೆ ಕಡೆಯವರು, ಅಡಿಕೆ ತೋಟದವರು, ಹತ್ತು ವರ್ಷ ಹಳೆಯ ಕಾರಿನಲ್ಲಿ ಮನೆಮಂದಿಯೆಲ್ಲ ಓಡಾಡುವವರು.

ಈ ಮಾತು ಈಗ ಎಲ್ಲೆಲ್ಲೂ ಕೇಳಿಬರುತ್ತಿದೆ. ಸ್ವಂತ ಕೈಯಿಂದ ಕೆಲಸ ಮಾಡಬೇಕೆಂಬ ಆಸೆ ಒಳ್ಳೆಯದೇ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಆ ಹುಡುಗ ಲೆಕ್ಕ ಹಾಕಿದ್ದು ದುಡ್ಡು ಮತ್ತು ಸಮಯ, ಎರಡನ್ನೇ. ಸಸ್ಪೆನ್ಷನ್ ಕೆಲಸದಲ್ಲಿ ಈ ಎರಡಕ್ಕೂ ಮೊದಲು ಬರುವ ಪ್ರಶ್ನೆ ಒಂದಿದೆ. ನಾನು ಮಾಡಿದ ಕೆಲಸ ಸರಿಯಾಗಿದೆಯೋ ಇಲ್ಲವೋ ಎಂದು ಗಾಡಿ ರಸ್ತೆಗಿಳಿಯುವ ಮೊದಲೇ ನೋಡಿ ತಿಳಿಯಲು ನನಗೆ ಸಾಧ್ಯವೇ? ಸಾಧ್ಯವಿದ್ದರೆ ಧಾರಾಳವಾಗಿ ಮನೆಯಲ್ಲೇ ಮಾಡಬಹುದು. ಇಲ್ಲದಿದ್ದರೆ ಎಷ್ಟೇ ಕೈಚಳಕವಿದ್ದರೂ ಗ್ಯಾರೇಜಿಗೆ ಹೋಗಬೇಕು. ನನ್ನ ನಿಲುವು ಇಷ್ಟೇ, ಅದನ್ನು ಬಿಡಿಸಿ ಹೇಳುತ್ತೇನೆ.

ನಮ್ಮ ಭಾಗದಲ್ಲಿ ಸಸ್ಪೆನ್ಷನ್ ಬೇಗ ಸವೆಯುವುದು ಯಾರಿಗೂ ಹೊಸ ಸುದ್ದಿಯಲ್ಲ. ಹಿಂದೆ 206 ಎಂದು ಕರೆಯುತ್ತಿದ್ದ ಹೆದ್ದಾರಿ ಕಡೂರು, ಬೀರೂರು, ತರೀಕೆರೆಗಳನ್ನು ಹಾದು ಶಿವಮೊಗ್ಗಕ್ಕೆ ಹೋಗುತ್ತದೆ. ಅದನ್ನು ಅಗಲ ಮಾಡುವ ಕೆಲಸ ನಡೆದ ವರ್ಷಗಳಲ್ಲಿ ಡೈವರ್ಷನ್ನುಗಳಲ್ಲಿ ಗಾಡಿ ಓಡಿಸಿದವರಿಗೆ ಲಿಂಕ್ ರಾಡಿನ ಕಟಕಟ ಸದ್ದು ಚೆನ್ನಾಗಿ ಪರಿಚಯ. ಹಳ್ಳಿ ಬಂದ ಕೂಡಲೇ ಬಣ್ಣವಿಲ್ಲದ ಹಂಪು. ತರೀಕೆರೆಯಿಂದ ಕೆಮ್ಮಣ್ಣುಗುಂಡಿ ಕಡೆ ಹತ್ತಿದರೆ ತಿರುವುಗಳು. ಅಜ್ಜಂಪುರದ ಕಡೆ ಈರುಳ್ಳಿ ಕಾಲದಲ್ಲಿ, ಕಡೂರಿನ ಕಡೆ ತೆಂಗಿನಕಾಯಿ ಕೆಡವಿದಾಗ, ಐದು ಜನಕ್ಕೆಂದು ಮಾಡಿದ ಕಾರಿನ ಡಿಕ್ಕಿಯಲ್ಲಿ ಮೂಟೆಗಳು ಕೂರುತ್ತವೆ. ಹೀಗಾಗಿ ಈ ಪ್ರಶ್ನೆ ನಮ್ಮಲ್ಲಿ ಪ್ರತಿ ಕಾರಿನವನ ಮನೆಗೂ ಬಂದೇ ಬರುತ್ತದೆ.

ಮೊದಲು ಲಿಂಕ್ ರಾಡನ್ನೇ ನೋಡೋಣ. ಗೇಣುದ್ದದ ಕಬ್ಬಿಣದ ಕಡ್ಡಿ, ಎರಡು ತುದಿಗೂ ರಬ್ಬರ್ ಟೋಪಿ ಹಾಕಿದ ಸಣ್ಣ ಗೋಲಿ. ತಿರುವಿನಲ್ಲಿ ಕಾರು ಒಂದು ಕಡೆಗೆ ವಾಲದಂತೆ ತಡೆಯುವ ಬಾರನ್ನು ಶಾಕಬ್ಸರಿಗೆ ಸೇರಿಸುವುದು ಇದರ ಕೆಲಸ. ಸವೆದಾಗ ನಿಧಾನಕ್ಕೆ ಹೋದರೂ ಹಳ್ಳಕ್ಕಿಳಿದಾಗ ಕಟಕಟ ಅನ್ನುತ್ತದೆ. ಬೆಲೆ ಕೆಲವು ನೂರು ರೂಪಾಯಿ. ಚಕ್ರ ಬಿಚ್ಚಿದರೆ ಎದುರಿಗೇ ಕಾಣುತ್ತದೆ, ಎರಡು ನಟ್ಟು ತೆಗೆದರೆ ಕೈಗೆ ಬರುತ್ತದೆ. ಹೊಸದನ್ನು ಹಾಕಿ ಬಿಗಿ ಮಾಡಿದ ಮೇಲೆ ಒಂದು ಹಂಪಿನ ಮೇಲೆ ನಿಧಾನಕ್ಕೆ ಹಾಯಿಸಿದರೆ ಸದ್ದು ಹೋಗಿದೆಯೋ ಇಲ್ಲವೋ ಕಿವಿಗೇ ಗೊತ್ತಾಗುತ್ತದೆ. ಒಂದು ವೇಳೆ ಅದು ಕಳಚಿದರೂ ಕಾರು ಹೆಚ್ಚು ವಾಲುತ್ತದೆಯೇ ಹೊರತು ಚಕ್ರ ಮಡಚಿಕೊಳ್ಳುವುದಿಲ್ಲ. ಇದನ್ನು ಮನೆಯಲ್ಲಿ ಮಾಡಿಕೊಳ್ಳುವವನನ್ನು ತಡೆಯಲು ನನ್ನಲ್ಲಿ ಯಾವ ಕಾರಣವೂ ಇಲ್ಲ. ಹಿಂಬದಿಯಲ್ಲಿ ಸ್ಪ್ರಿಂಗ್ ಬೇರೆ, ಶಾಕಬ್ಸರ್ ಬೇರೆ ಇರುವ ಕಾರುಗಳಲ್ಲಿ ಹಿಂದಿನ ಶಾಕಬ್ಸರನ್ನೂ ಇದೇ ಸಾಲಿಗೆ ಸೇರಿಸಬಹುದು. ಆಕ್ಸಲಿಗೆ ಕೆಳಗಿಂದ ಆಸರೆ ಕೊಡಬೇಕು, ಎರಡೂ ಬದಿಯದನ್ನು ಒಟ್ಟಿಗೇ ಬದಲಾಯಿಸಬೇಕು, ಅಷ್ಟೇ.

ಒಂದು ಮಾತು ಮಾತ್ರ ಖಡಾಖಂಡಿತ. ಕಾರಿನ ಜೊತೆ ಬರುವ ಜಾಕಿ ಇರುವುದು ಸ್ಟೆಪ್ನಿ ಹಾಕಲಿಕ್ಕೆ, ಅದನ್ನು ನಂಬಿ ಯಾರೂ ಕಾರಿನ ಕೆಳಗೆ ತಲೆ ಹಾಕಬಾರದು. ಎರೆಮಣ್ಣಿನ ಅಂಗಳದಲ್ಲಿ ಅದು ಕೂತ ಜಾಗದಲ್ಲೇ ಓರೆಯಾಗುತ್ತದೆ. ಹಾಲೋ ಬ್ಲಾಕು, ಇಟ್ಟಿಗೆ ಜೋಡಿಸಿ ಆಸರೆ ಮಾಡುವುದು ಅದಕ್ಕಿಂತ ಕೆಟ್ಟದ್ದು, ಬಿರುಕು ಬಿಡುವ ಮೊದಲು ಅವು ಯಾವ ಸೂಚನೆಯನ್ನೂ ಕೊಡುವುದಿಲ್ಲ. ಗಟ್ಟಿ ನೆಲ, ಕಬ್ಬಿಣದ ಸ್ಟ್ಯಾಂಡು ಇಲ್ಲದವರ ಮಟ್ಟಿಗೆ ಮುಂದಿನ ಚರ್ಚೆಯೇ ಬೇಡ.

ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಲೋಯರ್ ಆರ್ಮಿಗೆ ಬಂದರೆ ಮಾತು ಬೇರೆ. ಅದನ್ನು ಬಿಚ್ಚಿ ಹಾಕುವುದು ಕಷ್ಟವಲ್ಲ, ವಿಡಿಯೋದಲ್ಲಿ ಕಾಣುವಷ್ಟೇ ಸುಲಭ. ವಿಡಿಯೋದಲ್ಲಿ ಕಾಣದಿರುವುದು ಬುಷ್ಷಿನ ಒಳಗಿದೆ. ಆರ್ಮಿನ ಬುಷ್ ಎಂದರೆ ಒಳಗೊಂದು, ಹೊರಗೊಂದು ಲೋಹದ ಕೊಳವೆ, ನಡುವೆ ಎರಡಕ್ಕೂ ಅಂಟಿಸಿದ ರಬ್ಬರು. ಬೋಲ್ಟು ಬಿಗಿ ಮಾಡಿದಾಗ ಒಳಗಿನ ಕೊಳವೆ ಅಲ್ಲೇ ಸೆಟೆದು ನಿಲ್ಲುತ್ತದೆ. ಅಲ್ಲಿಂದಾಚೆಗೆ ಚಕ್ರ ಮೇಲೆ ಕೆಳಗೆ ಆದಾಗಲೆಲ್ಲ ರಬ್ಬರು ತಿರುಚಿಕೊಂಡು ಮತ್ತೆ ಮೊದಲಿನಂತಾಗುತ್ತದೆ. ಜಾಕಿ ಮೇಲೆ ಚಕ್ರ ಜೋತುಬಿದ್ದಿರುವಾಗಲೇ ಆ ಬೋಲ್ಟನ್ನು ಬಿಗಿ ಮಾಡಿಬಿಟ್ಟರೆ, ಕಾರು ನೆಲಕ್ಕಿಳಿದ ಕ್ಷಣದಿಂದ ರಬ್ಬರು ಸದಾ ತಿರುಚಿಕೊಂಡೇ ಇರಬೇಕಾಗುತ್ತದೆ. ವರ್ಷಗಟ್ಟಲೆ ಬಾಳಬೇಕಾದದ್ದು ತಿಂಗಳುಗಳಲ್ಲಿ ಹರಿಯುತ್ತದೆ. ಕಾರಿನ ಭಾರ ಚಕ್ರದ ಮೇಲೆ ಬಿದ್ದ ನಂತರವೇ ಕೊನೆಯ ಬಿಗಿ ಕೊಡಬೇಕು. ಇದರಲ್ಲಿ ತಪ್ಪು ಮಾಡಿದವನಿಗೆ ಆ ದಿನ ಏನೂ ಗೊತ್ತಾಗುವುದಿಲ್ಲ, ಗಾಡಿ ಚೆನ್ನಾಗಿಯೇ ಓಡುತ್ತದೆ. ಆರ್ಮಿನ ತುದಿಯ ಬಾಲ್ ಜಾಯಿಂಟು ಇನ್ನೂ ಗಂಭೀರ. ಅದು ಕಳಚಿದರೆ ಚಕ್ರ ಹೊರಕ್ಕೆ ಮಡಚಿಕೊಂಡು ಕಾರಿನ ಮೂತಿ ರಸ್ತೆಗೆ ಬೀಳುತ್ತದೆ. ಕಡೂರು ಬೈಪಾಸಿನಲ್ಲಿ ಎಂಬತ್ತರ ವೇಗದಲ್ಲಿ ಹೋಗುವಾಗ ಹಾಗಾದರೆ ಅನುಭವಿಸುವವನು ಕಾರಿನವನೊಬ್ಬನೇ ಅಲ್ಲ. ಎದುರಿನಿಂದ ಹೆಂಡತಿ ಮಗುವನ್ನು ಬೈಕಿನಲ್ಲಿ ಕೂರಿಸಿಕೊಂಡು ಬರುವವನು ನಮ್ಮ ಭಾನುವಾರದ ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟವನಲ್ಲ.

ಮುಂದಿನ ಶಾಕಬ್ಸರಿನ ವಿಷಯದಲ್ಲಂತೂ ನನಗೆ ಯಾವ ಅನುಮಾನವೂ ಇಲ್ಲ. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರ್ ರೂಪಿಸಿ, 1950ರ ಫೋರ್ಡ್ ಕಾನ್ಸಲ್ ಕಾರಿನಲ್ಲಿ ಬಂದ ವ್ಯವಸ್ಥೆಯೇ ಇಂದು ನಮ್ಮ ಸಣ್ಣ ಕಾರುಗಳ ಮುಂಭಾಗದಲ್ಲಿರುವುದು. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದಾಗ ಅದರ ಮುಂದೆಯೂ ಇದೇ ಇತ್ತು. ಇದರಲ್ಲಿ ಸ್ಪ್ರಿಂಗು ಮತ್ತು ಶಾಕಬ್ಸರು ಒಂದೇ ಕಂಬವಾಗಿ ಸೇರಿಕೊಂಡಿರುತ್ತವೆ. ಶಾಕಬ್ಸರ್ ಬದಲಾಯಿಸಬೇಕಾದರೆ ಸ್ಪ್ರಿಂಗನ್ನು ಎರಡೂ ಕಡೆಯಿಂದ ಕೊಕ್ಕೆ ಹಾಕಿ ಅದುಮಿ ಹಿಡಿದು ಮೇಲಿನ ನಟ್ಟು ಬಿಚ್ಚಬೇಕು. ಸಣ್ಣ ಕಾರಿನ ಮುಂದಿನ ಒಂದೊಂದು ಚಕ್ರವೂ ಸುಮಾರು ಇನ್ನೂರೈವತ್ತು ಕಿಲೋ ಭಾರ ಹೊರುತ್ತದೆ, ಅಷ್ಟನ್ನು ತಡೆಯುವ ಸ್ಪ್ರಿಂಗದು. ಕೊಕ್ಕೆ ಜಾರಿದರೆ ಅಥವಾ ಅದುಮುವ ಮೊದಲೇ ನಟ್ಟು ಬಿಚ್ಚಿದರೆ ಆ ಬಲವೆಲ್ಲ ಒಮ್ಮೆಗೇ ಸಿಡಿಯುತ್ತದೆ, ಮುಖ ಅಡ್ಡವಿದ್ದರೆ ಮುಖಕ್ಕೇ. ಅದನ್ನು ದಾಟಿಕೊಂಡರೂ ಕೆಲಸ ಮುಗಿಯುವುದಿಲ್ಲ. ಕಂಬವನ್ನು ಚಕ್ರದ ಗೆಣ್ಣಿಗೆ ಕಟ್ಟುವ ಎರಡು ಬೋಲ್ಟುಗಳ ತೂತಿನಲ್ಲಿರುವ ಸ್ವಲ್ಪ ಸಡಿಲದಲ್ಲೇ ಚಕ್ರದ ಓರೆ ಬದಲಾಗುತ್ತದೆ. ಆ ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದಲ್ಲ, ಟೈರಿಗೆ ಕಾಣುತ್ತದೆ, ಒಳಅಂಚು ನುಣ್ಣಗೆ ಸವೆದ ಮೇಲೆ. ಹಾಗಾಗಿ ಮನೆಯಲ್ಲಿ ಎಲ್ಲ ಮುಗಿಸಿದವನೂ ಕೊನೆಗೆ ಅಲೈನ್‌ಮೆಂಟಿಗೆ ಪೇಟೆಗೆ ಬರಲೇಬೇಕು. ಉಳಿಸಿದೆನೆಂದುಕೊಂಡ ದುಡ್ಡಿನಲ್ಲಿ ಒಂದು ಪಾಲು ಅಲ್ಲಿಗೇ ಹೋಗುತ್ತದೆ.

ಇದಕ್ಕೆ ಎದುರಾಗಿ ಬರುವ ಒಂದು ವಾದ ಗಟ್ಟಿಯಾದದ್ದು. ಗ್ಯಾರೇಜಿನಲ್ಲಿ ಮಾತ್ರ ಎಲ್ಲ ಸರಿಯಾಗಿ ನಡೆಯುತ್ತದೆಯೇ? ನಮ್ಮ ಊರುಗಳ ಎಷ್ಟು ಗ್ಯಾರೇಜಿನಲ್ಲಿ ಬಿಗಿ ಅಳೆಯುವ ಟಾರ್ಕ್ ರೆಂಚ್ ಇದೆ? ಚಕ್ರ ಜೋತುಬಿದ್ದಿರುವಾಗಲೇ ಬುಷ್ಷಿನ ಬೋಲ್ಟನ್ನು ಉದ್ದನೆಯ ಪೈಪು ಹಾಕಿ ಬಿಗಿಯುವ ಹುಡುಗರನ್ನು ನಾನೇ ನೋಡಿದ್ದೇನೆ. ಬುಷ್ ಮಾತ್ರ ಹೋಗಿದ್ದರೆ ಇಡೀ ಆರ್ಮು ಹಾಕುತ್ತಾರೆ, ಲಿಂಕ್ ರಾಡ್ ಹೋಗಿದ್ದರೆ ಶಾಕಬ್ಸರಿನ ಬಿಲ್ಲೂ ಬರುತ್ತದೆ. ಪುಸ್ತಕ ನೋಡಿ, ಅಳತೆ ಬರೆದುಕೊಂಡು, ನಿಧಾನವಾಗಿ ಮಾಡುವ ಮಾಲೀಕ ಆತುರದ ಮೆಕ್ಯಾನಿಕ್ಕಿಗಿಂತ ಒಳ್ಳೆಯ ಕೆಲಸ ಮಾಡಬಲ್ಲ. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಇದರಿಂದ ಸಾಬೀತಾಗುವುದು ಮಾಲೀಕನಿಗೆ ತಿಳಿವಳಿಕೆ ಬೇಕು ಎಂಬುದು. ಸ್ಪ್ರಿಂಗನ್ನು ಅವನೇ ಬಿಚ್ಚಬೇಕು ಎಂಬುದಲ್ಲ. ಬುಷ್ಷಿನ ಗುಟ್ಟು ಗೊತ್ತಿದ್ದವನು ಗ್ಯಾರೇಜಿನಲ್ಲಿ ನಿಂತು “ಅಣ್ಣ, ಗಾಡಿ ಇಳಿಸಿ ಆಮೇಲೆ ಟೈಟ್ ಮಾಡಿ” ಎಂದರೆ ಮುಗಿಯಿತು. ಬೆಂಗಳೂರಿನ ದೊಡ್ಡ ಸರ್ವಿಸ್ ಸೆಂಟರಿನಲ್ಲಿ ಗಾಜಿನ ಆಚೆ ಕಾಫಿ ಕೊಟ್ಟು ಕೂರಿಸುತ್ತಾರೆ. ಕಡೂರು, ಅಜ್ಜಂಪುರಗಳಲ್ಲಿ ಕಾರಿನ ಪಕ್ಕದಲ್ಲೇ ನಿಲ್ಲಬಹುದು, ಬಿಚ್ಚಿದ ಪಾರ್ಟನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಬಹುದು. ಸಣ್ಣ ಊರಿನ ಈ ಅನುಕೂಲವನ್ನು ನಾವು ಬಳಸಿಕೊಳ್ಳುತ್ತಿಲ್ಲ ಎಂಬುದೇ ನನ್ನ ಬೇಸರ. ಕೈ ಕೊಳೆ ಮಾಡಿಕೊಳ್ಳುವುದು ನಮ್ಮಂಥವರ ಕೆಲಸವಲ್ಲ ಎಂದು ದೂರ ನಿಲ್ಲುವವರ ವಾದಕ್ಕೆ ಉತ್ತರ ಹೇಳುವ ಅಗತ್ಯವೂ ನನಗೆ ಕಾಣುವುದಿಲ್ಲ.

ಮಾಲೀಕನಿಗೆಷ್ಟು, ಕಸುಬಿನವನಿಗೆಷ್ಟು ಎಂಬ ಹಂಚಿಕೆ ಕಾರಿನಿಂದ ಶುರುವಾದದ್ದಲ್ಲ. ಅಜ್ಜಂಪುರಕ್ಕೆ ಹೆಸರು ತಂದದ್ದು ಅಮೃತಮಹಲ್ ದನದ ತಳಿ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಯನ್ನು ಟಿಪ್ಪು ಅಮೃತಮಹಲ್ ಎಂದು ಕರೆದ. ಆ ಎತ್ತುಗಳು ಸೈನ್ಯದ ಫಿರಂಗಿ ಎಳೆದವು. ಅಜ್ಜಂಪುರದಲ್ಲಿ ಅವುಗಳ ತಳಿ ಸಂವರ್ಧನಾ ಕೇಂದ್ರ ಇಂದಿಗೂ ಇದೆ. ಎತ್ತು ಇದ್ದ ಮೇಲೆ ಗಾಡಿ ಇತ್ತು, ಗಾಡಿ ಇದ್ದ ಮೇಲೆ ರಿಪೇರಿಯೂ ಇತ್ತು. ಕೀಲೆಣ್ಣೆ ಹಾಕುವುದು ರೈತನ ಕೆಲಸ. ಅಚ್ಚಿನ ತುದಿಯ ಕಡಾಣಿ ಸವೆದಿದೆಯೇ ಎಂದು ಗಾಡಿ ಹೂಡುವ ಮೊದಲು ನೋಡುವುದು, ಸವೆದಿದ್ದರೆ ಬೇರೆ ಹಾಕುವುದು ಅವನದೇ ಕೆಲಸ. ಆದರೆ ಚಕ್ರಕ್ಕೆ ಕಬ್ಬಿಣದ ಹಳಿ ಕೂರಿಸುವುದಕ್ಕೆ ಎಂಥ ಗಟ್ಟಿಗನೂ ಕಮ್ಮಾರನಲ್ಲಿಗೇ ಹೋಗುತ್ತಿದ್ದ. ಹಳಿಯ ಸುತ್ತಳತೆ ಮರದ ಚಕ್ರಕ್ಕಿಂತ ಸ್ವಲ್ಪವೇ ಕಡಿಮೆ ಇರಬೇಕು. ಬೆರಣಿ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದಾಗ ಅದು ಹಿಗ್ಗುತ್ತದೆ, ಇಕ್ಕಳದಲ್ಲಿ ಎತ್ತಿ ಚಕ್ರಕ್ಕೆ ಹಾಕಿ ನೀರು ಹೊಯ್ದಾಗ ಕುಗ್ಗಿ ಅರೆಗಾಲುಗಳನ್ನೆಲ್ಲ ಗುಂಬಕ್ಕೆ ಒತ್ತಿ ಹಿಡಿಯುತ್ತದೆ. ಅಳತೆ ಹೆಚ್ಚಾದರೆ ಬೇಸಿಗೆಯಲ್ಲಿ ಹಳಿ ಕಳಚಿ ಬೀಳುತ್ತದೆ, ಕಡಿಮೆಯಾದರೆ ಅರೆಗಾಲು ಬಾಗುತ್ತದೆ. ಎರಡೂ ಆ ಹೊತ್ತಿಗೆ ಕಾಣುವ ತಪ್ಪಲ್ಲ. ಕಡಾಣಿಯನ್ನು ರೈತ ತಾನೇ ಕಣ್ಣಾರೆ ನೋಡಬಹುದಿತ್ತು, ಹಳಿಯ ಅಳತೆಗೆ ಕಮ್ಮಾರನ ಕೈಯೇ ಆಧಾರ. ಆ ಕೆಲಸ ನಡೆಯುವಾಗ ರೈತ ಮನೆಯಲ್ಲಿ ಕೂರುತ್ತಲೂ ಇರಲಿಲ್ಲ. ನೀರಿನ ಬಿಂದಿಗೆ ಹಿಡಿದು ಪಕ್ಕದಲ್ಲೇ ನಿಂತಿರುತ್ತಿದ್ದ.

ಗ್ಯಾರೇಜು ಎಂದಾಗ ನನ್ನ ಮನಸ್ಸಿನಲ್ಲಿರುವುದು ಕಂಪನಿಯ ಶೋರೂಮಲ್ಲ. ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು ಕೊಟ್ಟ ಆದೇಶವನ್ನು ಕಾರಿದ್ದವರೆಲ್ಲ ತಿಳಿದಿರಬೇಕು. ಬಿಡಿಭಾಗಗಳನ್ನೂ ರಿಪೇರಿಯ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿಯೇ ಇಲ್ಲ ಎಂಬ ಸಾರಾಸಗಟು ಷರತ್ತು ಕೂಡದು ಎಂದಿತು. ಕಂಪನಿಗಳು ಮೇಲ್ಮನವಿ ಹೋದವು, ವ್ಯಾಜ್ಯ ಬೆಳೆಯಿತು. ಆದರೂ ಆ ಆದೇಶದ ಹಿಂದಿನ ನ್ಯಾಯ ನನಗೆ ಸ್ಪಷ್ಟವಾಗಿದೆ. ತರೀಕೆರೆಯ ಮೆಕ್ಯಾನಿಕ್ಕಿನ ಕೈಗೆ ಸರಿಯಾದ ಪಾರ್ಟು, ಬೋಲ್ಟಿಗೆಷ್ಟು ಬಿಗಿ ಎಂಬ ಅಂಕಿ ಎರಡೂ ಸಿಗಬೇಕು. ಸಿಗದಿದ್ದರೆ ಅವನ ಕೆಲಸ ಕೆಟ್ಟದೆಂದು ದೂರುವ ಹಕ್ಕು ಕಂಪನಿಗಿಲ್ಲ.

ಇನ್ನು ಪಾರ್ಟು ಆನ್‌ಲೈನಲ್ಲಿ ತರಿಸಿ ಕೂಲಿಗೆ ಮಾತ್ರ ಗ್ಯಾರೇಜಿಗೆ ಹೋಗುವ ಹೊಸ ಪದ್ಧತಿ. “ನೀವು ತಂದ ಪಾರ್ಟ್ ಹಾಕಲ್ಲ ಸಾರ್” ಎನ್ನುವ ಮೆಕ್ಯಾನಿಕ್ಕನ್ನು ದುರಾಸೆಯವನೆಂದು ಜನ ಬಯ್ಯುತ್ತಾರೆ. ನಾನು ಅವನ ಪರ. ಡಬ್ಬದ ಮೇಲೆ ಒಳ್ಳೆಯ ಹೆಸರಿರುವ ನಕಲಿ ಬಾಲ್ ಜಾಯಿಂಟು ಕಳಚಿದ ದಿನ ಊರವರ ಬಾಯಲ್ಲಿ ಬರುವುದು ಆನ್‌ಲೈನ್ ಅಂಗಡಿಯ ಹೆಸರಲ್ಲ, ಇವನ ಹೆಸರು. ಪಾರ್ಟೂ ಕೆಲಸವೂ ಒಬ್ಬನದೇ ಆದರೆ ಕೇಳಲಿಕ್ಕೆ ಒಬ್ಬನಿರುತ್ತಾನೆ.

ಆದರೆ ಅವನ ಕೂಲಿಯ ವಿಷಯದಲ್ಲಿ ನಾವು ಬದಲಾಗಬೇಕು. ನಮ್ಮ ಪೇಟೆಗಳಲ್ಲಿ ಪಾರ್ಟಿನ ಬೆಲೆಗೆ ಚೌಕಾಸಿ ಮಾಡದವರೂ ಲೇಬರಿಗೆ ಚೌಕಾಸಿ ಮಾಡುತ್ತಾರೆ. ನೂರು ಕೇಳಿದರೆ ಐವತ್ತು ಕೊಡುತ್ತಾರೆ. ಹೀಗಾಗಿ ಮೆಕ್ಯಾನಿಕ್ ತನ್ನ ದುಡಿಮೆಯನ್ನು ಪಾರ್ಟಿನ ಲಾಭದಲ್ಲಿ ಅಡಗಿಸಿಡುತ್ತಾನೆ. ಪಾರ್ಟು ಹಾಕಿದರೆ ಮಾತ್ರ ಅವನಿಗೆ ಕಾಸು, ಆದ್ದರಿಂದ ಹಾಕುತ್ತಾನೆ. ಬಾನೆಟ್ಟಿನ ಮೂಲೆ ಒತ್ತಿ ಬಿಟ್ಟು ಕಾರು ಎಷ್ಟು ಕುಣಿಯುತ್ತದೆಂದು ನೋಡಿ, ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ, ಕೆಳಗೆ ತೂರಿ ರಾಡಿನಿಂದ ಬುಷ್ಷನ್ನು ಮೀಟಿ ನೋಡಿ, “ಶಾಕಬ್ಸರ್ ಚೆನ್ನಾಗಿದೆ, ಲಿಂಕ್ ರಾಡ್ ಒಂದೇ ಹೋಗಿರೋದು, ಅದನ್ನ ಬೇಕಾದ್ರೆ ನೀವೇ ಹಾಕ್ಕೊಳಿ” ಎಂದು ಹೇಳುವ ಮೆಕ್ಯಾನಿಕ್ಕಿಗೆ ಆ ಅರ್ಧ ಗಂಟೆಗೆ ಮುನ್ನೂರು ರೂಪಾಯಿ ಕೊಡಬೇಕು. ಚೌಕಾಸಿ ಇಲ್ಲದೆ, ಬಿಲ್ಲಿನಲ್ಲಿ ‘ಪರೀಕ್ಷೆ’ ಎಂದು ಬರೆಸಿಕೊಂಡು ಕೊಡಬೇಕು. ಆ ಹುಡುಗನ ಮಾವ ಮುಂದಿನ ಸಲ ಕಾರು ತೆಗೆದುಕೊಂಡು ಹೋದಾಗ ಮೊದಲು ಕೇಳಬೇಕಾದದ್ದು ಇದನ್ನೇ: ಬರೀ ನೋಡಿ ಹೇಳೋಕೆ ಎಷ್ಟು ತಗೋತೀರಿ?